ಶಾಸನದ ‘ಹಡಪವಳ’ ಕ್ಷೌರಿಕನೇ?

ಶಾಸನವೊಂದರಲ್ಲಿ ‘ಹಡಪವಳ’ ಎಂಬ ಪದ ಕಂಡು, ನಿಘಂಟು ನೋಡಿ, ಅವನು ಕ್ಷೌರಿಕನೇ ಎಂದು ಕೇಳಿದ್ದೀರಿ. ಗೊಂದಲಕ್ಕೆ ಕಾರಣ ಆ ನಿಘಂಟಿನ ಅರ್ಥವೇ ಇರಬೇಕು. ಹಡಪ ಎಂದರೆ ಚೀಲ. ಕ್ಷೌರದ ಕತ್ತಿಗಳ ಚೀಲಕ್ಕೂ ಆ ಹೆಸರುಂಟು, ಎಲೆ ಅಡಿಕೆಯ ಸಂಚಿಗೂ ಉಂಟು. ಅರಮನೆಯ ಹಡಪವಳ ಹಿಡಿದದ್ದು ಎರಡನೆಯದನ್ನು: ಒಡೆಯನ ಪಕ್ಕದಲ್ಲೇ ಇದ್ದು ತಾಂಬೂಲ ಕೊಡುವ ಊಳಿಗದವನು. ಬಾಯಿಗೆ ಹೋಗುವ ವಸ್ತುವನ್ನು ಯಾರ ಕೈಗೋ ಕೊಡುತ್ತಾರೆಯೇ? ನಂಬುಗೆಯವನಿಗೇ ಆ ಕೆಲಸ.

ಮೊದಲು ಶಾಸನದ ಅಕ್ಷರ ನೋಡಿ. ‘ಹಡೆವಳ’ ಎಂದಿದ್ದರೆ ಅದು ಬೇರೆಯೇ ಪದ. ಪಡೆವಳ, ಅಂದರೆ ದಳಪತಿ. ‘ಹಡಪ’ ಸ್ಪಷ್ಟವಾಗಿದ್ದರೆ ನಿಘಂಟಿನಲ್ಲಿ ‘ಅಡಪ’ವನ್ನೂ ಹುಡುಕಿ. ತಮಿಳಿನ ಅಡೈಪ್ಪೈ, ತೆಲುಗಿನ ಅಡಪಮು ಇದರ ಬಂಧುಗಳು. ತಮಿಳಿನಲ್ಲಿ ‘ಪೈ’ ಎಂದರೆ ಚೀಲ, ‘ಅಡೈ’ ವೀಳ್ಯದೆಲೆ. ಅಂದರೆ ಮೂಲ ಪದದ ಮೊದಲಲ್ಲಿ ‘ಪ’ ಇಲ್ಲ. ಹಾಗಾಗಿ ಹಳಗನ್ನಡದ ‘ಪಾಲ್’ ಇಂದಿನ ‘ಹಾಲು’ ಆದ ದಾರಿಯಲ್ಲಿ ‘ಪಡಪ’ವನ್ನು ಊಹಿಸಬೇಡಿ.

ಕೊನೆಗೆ ಹಿಂದುಮುಂದಿನ ಸಾಲು ಓದಿ. ಅರಸನ ಹೆಸರೋ ದಾನದ ವಿವರವೋ ಜೊತೆಗಿದ್ದರೆ ಬಹುಮಟ್ಟಿಗೆ ತಾಂಬೂಲದವನೇ. ಬರಿಯ ‘ಹಡಪದ’ ಎಂದಷ್ಟೇ ಇದ್ದರೆ ಖಚಿತವಾಗಿ ಹೇಳುವುದು ಕಷ್ಟ. 12ನೆಯ ಶತಮಾನದ ಶರಣ ಹಡಪದ ಅಪ್ಪಣ್ಣನ ಹೆಸರಿಗೂ ಎರಡು ವಿವರಣೆ ಕೊಡುವವರಿದ್ದಾರೆ. ಆ ಸಾಲನ್ನು ಪೂರ್ತಿಯಾಗಿ ಇಲ್ಲಿ ಹಾಕಿ, ನೋಡೋಣ.