ಮೋಟರ್‌ಹೋಮ್ ಟೈರಿಗೆ ಗಾಳಿ

ಪ್ರಶ್ನೆ: ಅಮೆರಿಕದಲ್ಲಿ ಫೋರ್ಡ್ ಇ-450 ಮೋಟರ್‌ಹೋಮ್ (ವಾಸಕ್ಕೂ ಅನುಕೂಲವಿರುವ ದೊಡ್ಡ ಗಾಡಿ) ಓಡಿಸುತ್ತೇವೆ. ಟೈರಿಗೆ ಗಾಳಿ ತುಂಬುವ ಕಾರಿನ ಸಣ್ಣ ಕಂಪ್ರೆಸರ್ 60 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ದಾಟುತ್ತಲೇ ಫ್ಯೂಸ್ ಸುಡುತ್ತದೆ. ಏಕೆ?
– ಓದುಗರು, ಟೆಕ್ಸಸ್

ಉತ್ತರ: ಟೈರಿನೊಳಗೆ ಒತ್ತಡ ಏರಿದಷ್ಟೂ ಮೋಟರಿನ ಮೇಲೆ ಭಾರ, ಅದು ಎಳೆಯುವ ಕರೆಂಟೂ ಹೆಚ್ಚು. ಇಂಥ ಕಂಪ್ರೆಸರ್ ಚುಚ್ಚುವ ಸಿಗರೇಟ್ ಲೈಟರ್ ಸಾಕೆಟ್ಟಿನ ಫ್ಯೂಸ್ ಸಾಮಾನ್ಯವಾಗಿ 15–20 ಆಂಪಿಯರ್. ದೊಡ್ಡ ಫ್ಯೂಸ್ ಹಾಕಿದರೆ ವೈರೇ ಸುಟ್ಟೀತು, ಆ ಕೆಲಸ ಬೇಡ. ಬ್ಯಾಟರಿಗೆ ನೇರವಾಗಿ ಕ್ಲಿಪ್ ಹಾಕುವ ಕಂಪ್ರೆಸರ್ ಕೊಳ್ಳಿ, ಎಂಜಿನ್ ಚಾಲೂ ಇಟ್ಟು ಗಾಳಿ ತುಂಬಿ. ಡಬ್ಬಿಯ ಮೇಲಿನ ‘150 ಪಿಎಸ್‌ಐ’ಗೆ ಮರುಳಾಗಬೇಡಿ, 80 ಪಿಎಸ್‌ಐ ಒತ್ತಡದಲ್ಲಿ ಎಷ್ಟು ಗಾಳಿ ಕೊಡುತ್ತದೆ, ಬಿಡುವಿಲ್ಲದೆ ಎಷ್ಟು ನಿಮಿಷ ಓಡುತ್ತದೆ ಎಂಬುದೇ ಮುಖ್ಯ.

ಎಷ್ಟು ಗಾಳಿ ಬೇಕೆಂಬುದು ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿದೆ. ಬೆಳಿಗ್ಗೆ, ಗಾಡಿ ಹೊರಡುವ ಮುನ್ನ, ಪ್ರತ್ಯೇಕ ಗೇಜಿನಲ್ಲಿ ಅಳೆಯಿರಿ. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಏರಿರುವುದು ಸಹಜ. ಆಗ ಗಾಳಿ ಬಿಡಬೇಡಿ.

ಹಿಂದಿನ ಜೋಡಿ ಚಕ್ರಗಳಲ್ಲಿ ಒಳಗಿನದೇ ತಲೆನೋವು. ಕೈ ಎಟುಕದೆಂದು ಗಾಳಿ ತುಂಬದೆ ಬಿಟ್ಟರೆ ಅದರ ಪಾಲಿನ ಭಾರವೂ ಹೊರಗಿನದರ ಮೇಲೆ ಬಿದ್ದು ಹೊರಗಿನ ಟೈರ್ ಕಾದು ಸಿಡಿಯಬಹುದು. ಎರಡು ದಿಕ್ಕಿನ ಮೂತಿಯ ಉದ್ದ ಚಕ್ (ವಾಲ್ವಿಗೆ ಒತ್ತಿ ಗಾಳಿ ತುಂಬುವ ತುದಿ) ಬಳಸಿ, ಇಲ್ಲವೇ ವಾಲ್ವನ್ನು ಹೊರಕ್ಕೆ ಉದ್ದ ಮಾಡುವ ಲೋಹದ ಎಕ್ಸ್‌ಟೆನ್ಷನ್ ಹಾಕಿಸಿ. ಎಕ್ಸ್‌ಟೆನ್ಷನ್ ವಾಲ್ವಿಗೆ ಸೇರುವ ಜಾಗಕ್ಕೆ ಸೋಪಿನ ನೀರು ಬಿಟ್ಟು, ಗಾಳಿ ಸೋರಿ ಗುಳ್ಳೆ ಬರುತ್ತದೆಯೇ ನೋಡಿ.