ಕೆಲಸಗಾರರ ತರಬೇತಿಗೆ ವಿಡಿಯೋ ಮಾಡಿಸಿದರೆ ಉಪಯೋಗ ಆಗುತ್ತಾ?

ಮೈಸೂರಿನ ಹೆಬ್ಬಾಳದಲ್ಲಿ ಐವತ್ತು ಜನರ ಫ್ಯಾಕ್ಟರಿ ಇದೆ, ಹೊಸಬರಿಗೆ ಕೆಲಸ ಕಲಿಸಲು ವಿಡಿಯೋ ಕಂಪನಿಯವರನ್ನು ಕರೆಸಬಹುದಾ, ಇಲ್ಲಾ ದುಡ್ಡು ದಂಡವಾ ಅಂತ ಕೇಳಿದ್ದೀರಿ. ಕರೆಸಿ. ಆದರೆ ಏನು ತೋರಿಸಬೇಕು, ಏನು ಬಿಡಬೇಕು ಅನ್ನುವುದನ್ನು ಅವರಿಗೇ ಬಿಟ್ಟುಕೊಡಬೇಡಿ.

ನಾನು ಹೂಟಗಳ್ಳಿಯ ಒಂದು ಫ್ಯಾಕ್ಟರಿಯಲ್ಲಿ, ಲೋಹದ ತಗಡನ್ನು ಮೆಷಿನ್ನಿನಲ್ಲಿ ಒತ್ತಿ ಆಕಾರ ಕೊಡುವ ಪ್ರೆಸ್ ಶಾಪ್ ಸೂಪರ್‌ವೈಸರ್. ನಮ್ಮಲ್ಲೂ ಹನ್ನೆರಡು ನಿಮಿಷದ ಒಂದು ವಿಡಿಯೋ ಮಾಡಿಸಿದ್ದೆವು. ಗೇಟಿನ ಮೇಲೆ ಡ್ರೋನ್ ಹಾರಿಸಿದ್ದರು, ಮ್ಯೂಸಿಕ್ ಹಾಕಿದ್ದರು, ನೋಡಲು ಚೆನ್ನಾಗಿಯೇ ಇತ್ತು. ಪ್ರೆಸ್ಸಿನ ಡೈ, ಅಂದರೆ ಅಚ್ಚು, ಬದಲಾಯಿಸುವ ಕಡೆ ಆಪರೇಟರ್ ಸ್ವಿಚ್ ಆಫ್ ಮಾಡುತ್ತಾನೆ. ಮುಂದಿನ ಶಾಟ್‌ನಲ್ಲಿ ಸ್ಪ್ಯಾನರ್ ಹಿಡಿದ ಕೈ ಡೈ ಹತ್ತಿರ ಇರುತ್ತದೆ. ನಡುವಿನದ್ದನ್ನು ಎಡಿಟಿಂಗ್‌ನಲ್ಲಿ ತೆಗೆದುಬಿಟ್ಟಿದ್ದರು. ಅಲ್ಲಿ ಏನೂ ನಡೆಯುವುದಿಲ್ಲ, ನೋಡುವವರಿಗೆ ಬೋರ್ ಆಗುತ್ತದೆ ಅಂತ. ನೋಡಿ ಒಪ್ಪಿಗೆ ಕೊಟ್ಟವರಲ್ಲಿ ನಾನೂ ಒಬ್ಬ.

ಕಲಿಸಬೇಕಾದದ್ದು ಆ ನಡುವಿನದ್ದನ್ನೇ. ಫ್ಲೈವೀಲ್ ಅನ್ನುವ ಭಾರದ ಚಕ್ರ ಇರುವ ಪ್ರೆಸ್‌ನಲ್ಲಿ ಮೋಟಾರ್ ಆಫ್ ಆದರೂ ಚಕ್ರ ತಿರುಗುತ್ತಲೇ ಇರುತ್ತದೆ. ಆಗ ಕ್ಲಚ್ ಕಚ್ಚಿಕೊಂಡರೆ ರಾಮ್, ಅಂದರೆ ಮೇಲಿಂದ ಒತ್ತುವ ಭಾಗ, ಕೆಳಗೆ ಬಂದೇ ಬರುತ್ತದೆ. ಚಕ್ರ ಪೂರ್ತಿ ನಿಲ್ಲಬೇಕು, ರಾಮ್ ಕೆಳಗೆ ಬಾರದಂತೆ ತಡೆಯುವ ಸೇಫ್ಟಿ ಬ್ಲಾಕ್ ಇಡಬೇಕು, ಆಮೇಲೆ ಕೈ. ಮಂಡ್ಯ ಕಡೆಯ ಒಬ್ಬ ಹುಡುಗ, ಐಟಿಐ ಮುಗಿಸಿ ಸೇರಿ ವಾರವಾಗಿತ್ತು. ಸ್ವಿಚ್ ಆಫ್ ಮಾಡಿದವನೇ ಕೈ ಹಾಕಲು ಹೋದ. ಪಕ್ಕದಲ್ಲಿದ್ದ, ಡೈ ಕೂರಿಸುವ ಹಳೆಯ ಸೆಟ್ಟರ್ ರಟ್ಟೆ ಹಿಡಿದು ಎಳೆದರು. ಗಾರ್ಡಿನ ಜಾಲರಿ ಒಳಗೆ ಚಕ್ರ ಇನ್ನೂ ತಿರುಗುತ್ತಿತ್ತು. "ಯಾಕ್ಲಾ ಹಿಂಗ್ ಮಾಡ್ದೆ?" ಅಂದರೆ, "ವಿಡಿಯೋದಲ್ಲಿ ಹಂಗೇ ಇತ್ತಲ್ಲಣ್ಣ" ಅಂದ. ಅವನು ಹೇಳಿದ್ದು ನಿಜವೇ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಮೇಲೆ ಅದೇ ಸೆಟ್ಟರನ್ನು ಇಟ್ಟುಕೊಂಡು ಫೋನಿನಲ್ಲೇ ಮತ್ತೆ ತೆಗೆದೆವು. ಮೆಷಿನ್ ನಿಂತಿದ್ದಾಗ ಚಕ್ರದ ಮೇಲೆ ಸೀಮೆಸುಣ್ಣದಲ್ಲಿ ದಪ್ಪ ಗೆರೆ ಎಳೆದೆವು. ಸ್ವಿಚ್ ಆಫ್ ಆದಾಗಿನಿಂದ ಆ ಗೆರೆ ಅಲುಗಾಡದೆ ನಿಲ್ಲುವ ತನಕ ಒಂದೇ ಶಾಟ್, ಎಲ್ಲೂ ಕಟ್ ಇಲ್ಲ. ಸೆಟ್ಟರ್ ಕೈಕಟ್ಟಿ ಸುಮ್ನೆ ನಿಂತಿರುತ್ತಾರೆ. ನೋಡುವವರೂ ಅವರ ಜೊತೆ ಕಾಯಬೇಕು.

ಕ್ಯಾಮೆರಾವನ್ನು ಕೆಲಸ ಮಾಡುವವರ ಹೆಗಲ ಹಿಂದಿನಿಂದ ಹಿಡಿಯಿರಿ. ಎದುರಿನಿಂದ ತೆಗೆದರೆ ಅವರ ಬಲಗೈ ನೋಡುವವರ ಎಡಕ್ಕೆ ಬರುತ್ತದೆ, ಹೊಸಬರು ತಡವರಿಸುತ್ತಾರೆ. ಟ್ಯೂಬ್‌ಲೈಟ್ ಕೆಳಗೆ ಚಿತ್ರದಲ್ಲಿ ಪಟ್ಟೆ ಓಡಿದರೆ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಇಡಿ. ನಮ್ಮ ಕರೆಂಟ್ 50 ಹರ್ಟ್ಸ್ ಅಲ್ವಾ, ಅದಕ್ಕೆ ಹೊಂದಿಕೊಳ್ಳುತ್ತದೆ.

ಮಾತನ್ನು ಶಾಪ್‌ನಲ್ಲಿ ರೆಕಾರ್ಡ್ ಮಾಡಬೇಡಿ, ಪ್ರೆಸ್ ಸದ್ದಿಗೆ ಏನೂ ಕೇಳುವುದಿಲ್ಲ. ನಾವು ಸೆಟ್ಟರನ್ನು ಸ್ಟೋರ್ ರೂಮಿನಲ್ಲಿ ಕೂರಿಸಿ, ವಿಡಿಯೋ ತೋರಿಸಿ, ಅವರ ಮಾತಲ್ಲೇ ಹೇಳಿಸಿದೆವು. ಹಳೆಯದರಲ್ಲಿ "ಯಂತ್ರವನ್ನು ಸ್ಥಗಿತಗೊಳಿಸಿ" ಅಂತಿತ್ತು. ಶಾಪ್‌ನಲ್ಲಿ ಯಾರು ಹಾಗೆ ಮಾತಾಡುತ್ತಾರೆ? ಬಿಹಾರ, ಒಡಿಶಾದ ಹುಡುಗರಿಗೆ ಹಿಂದಿಯಲ್ಲಿ ಬೇರೆ ದನಿ ಕೊಡಿಸಿದೆವು.

ಒಂದು ವಿಡಿಯೋಗೆ ಒಂದೇ ಕೆಲಸ, ಎರಡು ಮೂರು ನಿಮಿಷ ಸಾಕು. ಮೆಷಿನ್ ಬದಲಾದ ದಿನವೇ ಹಳೆಯದನ್ನು ಅಳಿಸಿ. ನೋಡಿದ ಮೇಲೆ ಹೊಸಬರು ಸೆಟ್ಟರ್ ಎದುರಿಗೆ ಮಾಡಿ ತೋರಿಸಲೇಬೇಕು. ಬರೀ ನೋಡಿ ಯಾರಿಗೂ ಕೈ ಕೂರುವುದಿಲ್ಲ.

ಕಂಪನಿಯವರಿಂದ ಮೊದಲ ದಿನದ ವಿಡಿಯೋ ಮಾಡಿಸಿ. ಬೆಂಕಿ ಬಿದ್ದರೆ ಯಾವ ಬಾಗಿಲು, ಹೊರಗೆ ಎಲ್ಲಿ ಸೇರಬೇಕು, ಫಸ್ಟ್ ಏಡ್ ಎಲ್ಲಿದೆ, ಇಂಥವು. ಅದನ್ನು ಅವರು ಚೆನ್ನಾಗಿ ಮಾಡುತ್ತಾರೆ. ಮೆಷಿನ್ ವಿಡಿಯೋ ಅವರಿಂದಲೇ ಮಾಡಿಸುವುದಾದರೆ, ಎಡಿಟಿಂಗ್ ಮುಗಿದ ಮೇಲೆ ನೀವು ನೋಡುವ ಮೊದಲು ನಿಮ್ಮಲ್ಲಿರುವ ಹಳೆಯ ಆಪರೇಟರ್‌ಗೆ ತೋರಿಸಿ, "ಇದರಲ್ಲಿ ಏನು ಬಿಟ್ಟುಹೋಗಿದೆ?" ಅಂತ ಕೇಳಿ.