ಬುಡಕಟ್ಟು ವಿದ್ಯಾರ್ಥಿಗಳ ಫೋಟೋ ಸ್ಪರ್ಧೆ: ಯಾವ ಫೋಟೋ ಕಳಿಸಿದರೆ ಗೆಲ್ಲಬಹುದು?

ಹಾಡಿಯ, ಅಂದರೆ ಬುಡಕಟ್ಟಿನವರ ಊರಿನ ಮಕ್ಕಳು ಲಾ ಓದಲಿ ಅಂತ ಯಾರೋ ಫೋಟೋ ಸ್ಪರ್ಧೆ ಇಟ್ಟಿದ್ದಾರೆ, ಅಜ್ಜಿಗೆ ಹಳೇ ಕಾಲದ ಉಡುಪು ಹಾಕಿಸಿ ತೆಗೆದರೆ ಬಹುಮಾನ ಬರುತ್ತಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ನಾನು ಅದನ್ನೇ ಮಾಡಿದವನು.

ನಾನು ಸೋಲಿಗ ಬುಡಕಟ್ಟಿನವನು. ಬಿಳಿಗಿರಿರಂಗನ ಬೆಟ್ಟದ ಒಂದು ಪೋಡಿನವನು (ನಮ್ಮ ಹಾಡಿಗೆ ನಾವು ಪೋಡು ಅನ್ನುತ್ತೇವೆ), ಈಗ ವಕೀಲ. 2009ರಲ್ಲಿ ಬಿ.ಎ. ಕೊನೇ ವರ್ಷದಲ್ಲಿದ್ದಾಗ ಇಂಥದ್ದೇ ಸ್ಪರ್ಧೆಯ ಫಾರಂ ನಮ್ಮ ಹಾಸ್ಟೆಲಿಗೆ ಬಂತು. ಗೆಳೆಯನ ಕ್ಯಾಮೆರಾ ಇಸ್ಕೊಂಡು ಊರಿಗೆ ಹೋದೆ. ನಮ್ಮದು ಆಗಲೇ ಹೆಂಚಿನ ಮನೆ. ಆದರೂ ಅಜ್ಜಿಯನ್ನು ಪಾಳು ಬಿದ್ದ ಒಂದು ಹುಲ್ಲಿನ ಗುಡಿಸಲ ಮುಂದೆ ನಿಲ್ಲಿಸಿ, ಕೈಗೆ ನೆಲ್ಲಿಕಾಯಿ ಬುಟ್ಟಿ ಕೊಟ್ಟೆ. "ಇದು ನಮ್ಮನೆ ಅಲ್ವಲ್ಲ ಮಗ" ಅಂದಳು. ಸುಮ್ನೆ ನಿಂತ್ಕೊ ಅಂದೆ. ಎರಡನೇ ಬಹುಮಾನ ಬಂತು, 5,000 ರೂಪಾಯಿ. ಲಾ ಕಾಲೇಜಿನ ಫೀಸಿಗೆ ಆಯಿತು.

ತಪ್ಪು ಆದದ್ದು ಫಾರಂನಲ್ಲಿ. ಹಿಂದಿನ ಪುಟದಲ್ಲಿ ಸಣ್ಣಕ್ಷರದ ಷರತ್ತುಗಳಿದ್ದವು, ಓದದೇ ಸಹಿ ಹಾಕಿದೆ. ಇದನ್ನು ಬಿಡಿಸಿ ಹೇಳಲೇಬೇಕು. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ನೀವಾಗಿ ತೆಗೆದ ಫೋಟೋ ನಿಮ್ಮದೇ. ಅದರ ಹಕ್ಕನ್ನು ಬೇರೆಯವರಿಗೆ ಬಿಟ್ಟುಕೊಡಬೇಕಾದರೆ ಬರಹದಲ್ಲಿರಬೇಕು, ನಿಮ್ಮ ಸಹಿ ಇರಬೇಕು. ಎಷ್ಟು ಕಾಲಕ್ಕೆ ಅಂತ ಬರೆದಿಲ್ಲದಿದ್ದರೆ 5 ವರ್ಷಕ್ಕೆ ಅಂತಲೇ ಲೆಕ್ಕ. ಎಲ್ಲೆಲ್ಲಿಗೆ ಅಂತ ಬರೆದಿಲ್ಲದಿದ್ದರೆ ಭಾರತಕ್ಕೆ ಮಾತ್ರ. ನಾನು ಸಹಿ ಹಾಕಿದ ಹಾಳೆಯಲ್ಲಿ ಎರಡನ್ನೂ ಬರೆದಿದ್ದರು: ಶಾಶ್ವತವಾಗಿ, ಎಲ್ಲ ಕಡೆಗೂ, ಯಾರಿಗೆ ಬೇಕಾದರೂ ಕೊಡಬಹುದು. ಇನ್ನು ಅಜ್ಜಿಯ ಒಪ್ಪಿಗೆಯನ್ನು ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಮುಂದಿನ ವರ್ಷ ಪೋಡಿನ ಹುಡುಗನೊಬ್ಬ ಒಂದು ರೆಸಾರ್ಟಿನ ಕರಪತ್ರ ತಂದ. ಅದರಲ್ಲಿ ಅಜ್ಜಿ ಇದ್ದಳು. ಅವಳಿಗೆ ಕಣ್ಣು ಮಂಜಾಗಿತ್ತು, ಮುಖ ಗೊತ್ತಾಗಲಿಲ್ಲ. ಬುಟ್ಟಿಯ ಅಂಚಿನಲ್ಲಿ ಬಟ್ಟೆ ಸುತ್ತಿ ಕಟ್ಟಿದ್ದ ಜಾಗದ ಮೇಲೆ ಬೆರಳಿಟ್ಟು, "ಇದು ನನ್ನ ಬುಟ್ಟಿ" ಅಂದಳು. ಆಮೇಲೆ "ನನ್ನ ಎಷ್ಟಕ್ಕೆ ಕೊಟ್ಟೆ?" ಅಂತ ಕೇಳಿದಳು.

ಅದಾಗಿ ಸ್ವಲ್ಪ ದಿನಕ್ಕೆ ಅರಣ್ಯ ಹಕ್ಕು ಸಮಿತಿಯ ಸಭೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಕಾಡಿನ ನೆಲದ ಹಕ್ಕು ಬೇಕಾದರೆ ನಮ್ಮಂಥವರು 2005ರ ಡಿಸೆಂಬರ್ 13ಕ್ಕೆ ಮೊದಲಿಂದ ಆ ನೆಲದಲ್ಲಿದ್ದೆವು ಅಂತ ತೋರಿಸಬೇಕು. ಒಂದೇ ಸಾಕ್ಷ್ಯ ಸಾಲದು. ಆದರೆ ಅರ್ಜಿ ಹಾಕದ ಹಿರಿಯರು ಹೇಳಿದ್ದನ್ನು ಬರೆದುಕೊಂಡರೆ ಅದೂ ಸಾಕ್ಷ್ಯವೇ. ಪಕ್ಕದ ಮನೆಯವರು ಅರ್ಜಿ ಹಾಕಿದ್ದರು. ಅವರ ಹಳೇ ಹೊಲ ಬಲ್ಲವರು ಇಬ್ಬರೇ ಉಳಿದಿದ್ದರು, ಅದರಲ್ಲಿ ಅಜ್ಜಿ ಒಬ್ಬಳು. ಹಾಳೆ ಮುಂದಿಟ್ಟಾಗ ಹೆಬ್ಬೆಟ್ಟು ಒತ್ತಲಿಲ್ಲ. ಕಾಗದ ಅಂದರೆ ಮೊಮ್ಮಗ ಮಾರಿದ್ದೇ ಅವಳ ಕಣ್ಮುಂದೆ. ಇನ್ನೊಬ್ಬ ಹಿರಿಯರು ಮುಂದಿನ ಸಭೆಗೆ ಮೊದಲೇ ತೀರಿಕೊಂಡರು. ಆ ಅರ್ಜಿ ವರ್ಷಗಟ್ಟಲೆ ನಿಂತುಹೋಯಿತು. 2011ರ ಅಕ್ಟೋಬರ್‌ನಲ್ಲಿ ಬೆಟ್ಟದ ಸೋಲಿಗರಿಗೆ ಹುಲಿ ಸಂರಕ್ಷಿತ ಪ್ರದೇಶದ ಒಳಗೇ ಸಮುದಾಯ ಹಕ್ಕು ಸಿಕ್ಕಾಗ ಎಲ್ಲರೂ ಕುಣಿದರು. ಆ ಮನೆಯವರ ಮುಖ ನೋಡಲು ನನಗೆ ಆಗಲಿಲ್ಲ.

ಅದಕ್ಕೇ ಯಾವ ಫೋಟೋ ಗೆಲ್ಲುತ್ತದೆ ಅನ್ನುವ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅನ್ನುತ್ತೇನೆ. ನಿಮಗೆ ಕರಿ ಕೋಟು ಬೇಕು ತಾನೇ? ಹಾಗಾದರೆ ಗ್ರಾಮಸಭೆಯಲ್ಲಿ ಕೂತು, ಕೈಯಲ್ಲಿ ಬರೆದ ಹಾಡಿಯ ನಕ್ಷೆಯ ಫೋಟೋ ತೆಗೆಯಿರಿ. ಅದನ್ನು ಹರಡಿ ಹಿಡಿದ ಕೈಗಳನ್ನು ತೆಗೆಯಿರಿ, ಅವರನ್ನು ಕೇಳಿಯೇ.

ಬಹುಮಾನ ಬರದಿದ್ದರೂ ಲಾ ಬಿಡಬೇಡಿ. ಪದವಿಯಲ್ಲಿ ಪರಿಶಿಷ್ಟ ಪಂಗಡದವರಿಗೆ ಶೇ. 40 ಇದ್ದರೆ ಮೂರು ವರ್ಷದ ಎಲ್‌ಎಲ್‌.ಬಿ.ಗೆ ಸಾಕು. ವಕೀಲಿಕೆಯ ನೋಂದಣಿಗೆ, ಅಂದರೆ ಸನ್ನದಿಗೆ, ಮೊದಲೆಲ್ಲ ಸಾವಿರಗಟ್ಟಲೆ ಕೇಳುತ್ತಿದ್ದರು, 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಹಾಕಿದೆ. ಮುದ್ರಾಂಕ ಶುಲ್ಕ ಬಿಟ್ಟರೆ ನಿಮ್ಮಿಂದ 125 ರೂಪಾಯಿಗಿಂತ ಜಾಸ್ತಿ ಕೇಳುವ ಹಾಗಿಲ್ಲ.

ಫಾರಂ ನಿಮ್ಮ ಹತ್ತಿರ ಇದೆ ಅಲ್ವಾ? ಸಹಿ ಹಾಕುವ ಮೊದಲು ಷರತ್ತಿನ ಪುಟ ಇಲ್ಲೇ ಹಾಕಿ. ಒಂದೊಂದು ಸಾಲೂ ಓದಿ ಹೇಳುತ್ತೇನೆ.